ಚಪ್ಪಟೆ ಪಾದ, ಸೀರೆ, ಮತ್ತೆ ಒಂದು ಜೊತೆ ಕಪ್ಪು ಶೂ

ಕೃಷ್ಣಾಷ್ಟಮಿ ದಿನ ಬಾಗಿಲಿಂದ ದೇವರ ಮನೆವರೆಗೂ ಪುಟ್ಟ ಪುಟ್ಟ ಹೆಜ್ಜೆ ಹಾಕ್ತಾರಲ್ಲ, ಅಕ್ಕಿ ಹಿಟ್ಟು ಕಲಸಿದ ನೀರಲ್ಲಿ ಮುಷ್ಟಿ ಅದ್ದಿ ಕಿರುಬೆರಳಿನ ಪಕ್ಕದಿಂದ ನೆಲಕ್ಕೆ ಒತ್ತಿ ಮೇಲೆ ಐದು ಚುಕ್ಕಿ ಇಡೋದು, ಆ ಹೆಜ್ಜೆಗೆ ಒಳಗಡೆ ಒಂದು ಚೆಂದದ ಬಾಗು ತಾನಾಗೇ ಬಂದ್ಬಿಡತ್ತೆ. ನಾನು ಎಂಟೊಂಬತ್ತು ವರ್ಷದವಳಿದ್ದಾಗ ಒಂದ್ಸಲ ಎಣ್ಣೆ ಸ್ನಾನ ಮುಗಿಸಿ ಒದ್ದೆ ಕಾಲಲ್ಲೇ ಬಂದು ಕಡಪ ಕಲ್ಲಿನ ಮೇಲೆ ನಿಂತಿದ್ದೆ, ಅಜ್ಜಿ ನೋಡಿ "ಇದೇನೇ ನಿನ್ನ ಹೆಜ್ಜೆ, ರೊಟ್ಟಿ ತಟ್ಟಿದ ಹಾಗಿದೆ, ನಡುವೆ ಖಾಲೀನೇ ಇಲ್ವಲ್ಲ" ಅಂದ್ರು. ಅಷ್ಟೇ. ಅವತ್ತಿಗೆ ಅದೊಂದು ನೋವೂ ಅಲ್ಲ, ಕಾಯಿಲೆನೂ ಅಲ್ಲ. ಏಳನೇ ಕ್ಲಾಸ್ ತನಕ ಊರಲ್ಲಿ ಬರಿಗಾಲಲ್ಲೇ ಓಡಾಡ್ಕೊಂಡಿದ್ದೆ, ಯಾವತ್ತೂ ಕಾಲು ನೋವು ಅಂತ ಅಂದವಳಲ್ಲ.

ನೋವು ಶುರುವಾಗಿದ್ದು ಲಾಕ್‌ಡೌನ್ ಮುಗಿದ ಮೇಲೆ. ನಾನು ತುಮಕೂರು ಕಡೆ ಹೈಸ್ಕೂಲ್ ಟೀಚರ್, ವಿಜ್ಞಾನ ಹೇಳ್ಕೊಡೋದು, ಕೂತು ಪಾಠ ಮಾಡೋ ಅಭ್ಯಾಸ ನನಗಿಲ್ಲ. 2020-21ರಲ್ಲಿ ಮನೇಲೇ ಗೋಡೆಗೆ ಬೋರ್ಡ್ ತಗುಲಿಸ್ಕೊಂಡು ಆನ್‌ಲೈನ್ ಕ್ಲಾಸ್ ತಗೊಳ್ತಿದ್ನಲ್ಲ, ಬೆಳಿಗ್ಗೆಯಿಂದ ಸಂಜೆವರೆಗೂ ಟೈಲ್ಸ್ ಮೇಲೆ ಬರಿಗಾಲಲ್ಲಿ, ಮಧ್ಯ ಮಧ್ಯ ಅಡುಗೆಮನೆಗೆ ಓಡೋದು, ಅಲ್ಲೂ ಗ್ರಾನೈಟು, ಜೊತೆಗೆ ಆರೇಳು ಕೆಜಿ ತೂಕನೂ ಏರಿತ್ತು. ಮತ್ತೆ ಸ್ಕೂಲ್ ಶುರುವಾದಾಗ ಮೂರನೇ ಪೀರಿಯಡ್ ಹೊತ್ತಿಗೆ ಬಲಗಾಲಿನ ಒಳಗಡೆ, ಮೂಳೆ ಉಬ್ಬಿರತ್ತಲ್ಲ, ಕಾಲ್ಚೈನು ಕೂರೋ ಜಾಗ, ಅದರ ಕೆಳಗೆ ಯಾರೋ ದಾರ ಕಟ್ಟಿ ಎಳೆದ ಹಾಗೆ ಆಗೋದು. ಸಂಜೆ ಆ ಜಾಗ ಊದ್ಕೊಂಡಿರೋದು. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲನೇ ಹೆಜ್ಜೆ ಇಟ್ರೆ ಹಿಮ್ಮಡಿಗೆ ಮೊಳೆ ಚುಚ್ಚಿದ ಹಾಗೆ. ಗೋಡೆ ಹಿಡ್ಕೊಂಡು ಬಚ್ಚಲಿಗೆ ಹೋಗಿದೀನಿ ಎಷ್ಟೋ ದಿನ.

ಎಲ್ಲರೂ ಹೇಳಿದ್ದು ಒಂದೇ ಮಾತು, ಮೆತ್ತಗಿರೋ ಚಪ್ಪಲಿ ತಗೋ. ನಾನೂ ನಂಬಿದೆ, ನಂಬದೇ ಇರೋಕೆ ಕಾರಣನೇ ಇರ್ಲಿಲ್ಲ, ನೋವಾಗೋ ಜಾಗಕ್ಕೆ ಮೆತ್ತೆ ಇಡೋದು ಸಹಜ ತಾನೆ. ನಾಲ್ಕೂವರೆ ಸಾವಿರ ಕೊಟ್ಟು ಮೆಮೊರಿ ಫೋಮ್ ಇರೋ ಶೂ ತಂದೆ, ಲೇಸ್ ಇಲ್ಲದ್ದು, ಸುಮ್ನೆ ಕಾಲು ತೂರಿಸಿದ್ರೆ ಆಯ್ತು. ಅಂಗಡೀಲಿ ಹಾಕ್ಕೊಂಡಾಗ ಹತ್ತಿ ಮೇಲೆ ನಿಂತ ಹಾಗಿತ್ತು. ಎರಡು ವಾರಕ್ಕೆ ನೋವು ಕಾಲಿಂದ ಮಂಡಿಗೆ ಏರ್ತು. ಆಗ ನಿಜವಾಗ್ಲೂ ಅತ್ತಿದೀನಿ, ದುಡ್ಡು ಹೋಯ್ತು ಅಂತಲ್ಲ, ಇಷ್ಟು ಮೆತ್ತಗಿರೋದೂ ಆಗಲ್ಲ ಅಂದ್ರೆ ಇನ್ನು ಯಾವುದು ಆಗತ್ತೆ ಅಂತ.

ಕಣ್ಣು ತೆರೆಸಿದ್ದು ಒಬ್ಬರು ಫಿಸಿಯೋಥೆರಪಿಸ್ಟ್ ಮೇಡಂ. ಅವರು ಮೊದಲು ನನ್ನ ಕಾಲು ನೋಡ್ಲೇ ಇಲ್ಲ, ಹೊರಗೆ ಬಿಟ್ಟಿದ್ದ ನನ್ನ ಹಳೇ ಚಪ್ಪಲಿ ತರಿಸಿ ಮಗುಚಿ ಹಾಕಿದ್ರು. ಹಿಮ್ಮಡಿಯ ಒಳಗಡೆ ಅಂಚು ಪೂರ್ತಿ ಸವೆದು ನುಣ್ಣಗಾಗಿತ್ತು, ಹೊರಗಡೆ ಅಂಚಿನಲ್ಲಿ ಗೆರೆಗಳು ಹೊಸದರ ಹಾಗೇ ಇದ್ವು. ಆಮೇಲೆ ಗೋಡೆ ಹಿಡ್ಕೊಂಡು ತುದಿಗಾಲಲ್ಲಿ ನಿಲ್ಲಿ ಅಂದ್ರು. ನಿಂತೆ. ಹಿಂದಿಂದ ಫೋಟೋ ತೆಗೆದು ತೋರಿಸಿದ್ರು, ತುದಿಗಾಲಲ್ಲಿ ನಿಂತಾಗ ನನ್ನ ಪಾದಕ್ಕೂ ಆ ಬಾಗು ಇತ್ತು! ನಲವತ್ತು ವರ್ಷದಲ್ಲಿ ಮೊದಲ ಸಲ ನೋಡಿದ್ದು. ಹೀಗೆ ತುದಿಗಾಲಲ್ಲಿ ಬಾಗು ಬಂದು, ಊರಿದ ತಕ್ಷಣ ಮಾಯ ಆದ್ರೆ ಅದು ಫ್ಲೆಕ್ಸಿಬಲ್ ಫ್ಲ್ಯಾಟ್ ಫೂಟ್, ಜಾಸ್ತಿ ಜನಕ್ಕೆ ಇರೋದು ಇದೇ. ತುದಿಗಾಲಲ್ಲಿ ನಿಂತ್ರೂ ಬಾಗು ಬರ್ಲಿಲ್ಲ ಅಂದ್ರೆ, ಇಲ್ಲಾ ಮೊದಲು ಚೆನ್ನಾಗಿದ್ದ ಒಂದೇ ಕಾಲು ಇತ್ತೀಚೆಗೆ ಕುಸಿದು ಚಪ್ಪಟೆ ಆಗ್ತಿದೆ ಅಂದ್ರೆ, ಶೂ ಹುಡುಕ್ತಾ ಕೂರ್ಬೇಡಿ, ಮೂಳೆ ಡಾಕ್ಟರ್ ಹತ್ರ ಹೋಗಿ.

ಅವರು ಕಾರಣ ಹೇಳಿದ ರೀತಿ ನನಗೆ ಪಾಠ ಮಾಡೋವಾಗ ಈಗ್ಲೂ ನೆನಪಾಗತ್ತೆ. ಮೀನಖಂಡದ ಒಳಗಿಂದ ಒಂದು ಸ್ನಾಯು ಹೊರಟು, ಹಗ್ಗದ ಹಾಗೆ ಆ ಒಳಗಡೆ ಮೂಳೆಯ ಹಿಂದಿನಿಂದ ಸುತ್ತಿ ಅಂಗಾಲಿನ ಕೆಳಗೆ ಹೋಗಿ ಹಿಡ್ಕೊಳ್ಳತ್ತೆ, ಪೋಸ್ಟೀರಿಯರ್ ಟಿಬಿಯಲ್ ಅಂತಾರೆ. ಪಾದದ ಕಮಾನನ್ನ ಮೇಲಕ್ಕೆ ಎತ್ತಿ ಹಿಡಿಯೋದು ಮುಖ್ಯವಾಗಿ ಅದರ ಕೆಲಸ. ಪಾದ ಪ್ರತಿ ಹೆಜ್ಜೆಗೂ ಒಳಗೆ ಕುಸಿದ್ರೆ ಆ ಹಗ್ಗ ದಿನಕ್ಕೆ ಸಾವಿರಾರು ಸಲ ಜಗ್ಗತ್ತೆ. ಮೆತ್ತನೆ ಫೋಮ್ ಮಾಡಿದ್ದೇನು ಅಂದ್ರೆ, ನನ್ನ ಪಾದ ಒಳಗೆ ವಾಲಿದ ಕಡೆಗೆ ತಾನೂ ವಾಲಿ, ಇನ್ನೂ ಸ್ವಲ್ಪ ಕುಸಿಯೋಕೆ ಜಾಗ ಮಾಡ್ಕೊಡ್ತು. ನಮ್ಮಂಥೋರಿಗೆ ಬೇಕಾಗಿರೋದು ಕಾಲನ್ನ ಹಿಡ್ಕೊಳ್ಳೋ ಶೂ, ಕಾಲು ಹೋದಲ್ಲಿ ಹೋಗೋ ಶೂ ಅಲ್ಲ. ಇದೊಂದು ವಿಷಯ ಯಾರಾದ್ರೂ ಮೊದಲೇ ಹೇಳಿದ್ರೆ ನನಗೆ ಒಂದೂವರೆ ವರ್ಷದ ನೋವು ಉಳೀತಿತ್ತು, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಅಂಗಡೀಲಿ ನಾನು ಈಗ ಮಾಡೋದು ಇಷ್ಟು. ಶೂ ಕೈಗೆ ತಗೊಂಡು ಹಿಮ್ಮಡಿಯ ಹಿಂಭಾಗ ಹೆಬ್ಬೆರಳಲ್ಲಿ ಒತ್ತಿ ನೋಡ್ತೀನಿ, ಬಟ್ಟೆ ಥರ ಮಡಚ್ಕೊಂಡ್ರೆ ಬೇಡ, ಗಟ್ಟಿಯಾಗಿ ನಿಂತ್ರೆ ಮುಂದಿನ ಮಾತು. ಆಮೇಲೆ ಒಂದು ಕೈಲಿ ಹಿಮ್ಮಡಿ ಇನ್ನೊಂದು ಕೈಲಿ ಮುಂಭಾಗ ಹಿಡಿದು ಒದ್ದೆ ಟವೆಲ್ ಹಿಂಡಿದ ಹಾಗೆ ತಿರುಚ್ತೀನಿ, ಸಲೀಸಾಗಿ ತಿರುಚ್ಕೊಂಡ್ರೆ ಅದೂ ಬೇಡ. ಬಗ್ಗಿಸಿದ್ರೆ ಬೆರಳು ಬಗ್ಗೋ ಜಾಗದಲ್ಲಿ ಮಾತ್ರ ಬಗ್ಗಬೇಕು, ನಟ್ಟನಡುವೆ ಪುಸ್ತಕದ ಹಾಗೆ ಮಡಚ್ಕೊಳ್ಳೋದು ನಮಗಲ್ಲ. ಒಳಗಿನ ಇನ್‌ಸೋಲ್ ಎಳೆದ್ರೆ ಕಿತ್ತು ಬರೋ ಹಾಗಿರಬೇಕು, ಬೇಕಾದ್ರೆ ಅದರ ಬದಲು ನಮ್ಮ ಆರ್ಚ್ ಸಪೋರ್ಟ್, ಅಂದ್ರೆ ಕಮಾನಿಗೆ ಕೆಳಗಿಂದ ಆಸರೆ ಕೊಡೋ ಮೆತ್ತೆ, ಹಾಕೋಕೆ. ಅಂಗಡಿ ಹುಡುಗರು ಮೊದಲು ಗಾಬರಿಯಿಂದ ನೋಡ್ತಾರೆ, ಆಮೇಲೆ ಅವರೇ ಒಳಗಿಂದ ಸರಿಯಾದ್ದು ತಂದ್ಕೊಡ್ತಾರೆ.

ಓಡೋರ ಶೂಗಳಲ್ಲಿ ಸ್ಟೆಬಿಲಿಟಿ ಅಂತ ಒಂದು ವಿಭಾಗನೇ ಇದೆ ಅಂತ ನನಗೆ ಗೊತ್ತೇ ಇರ್ಲಿಲ್ಲ. ಏಸಿಕ್ಸ್‌ನ ಜಿಟಿ-2000, ಕಯಾನೊ, ಬ್ರೂಕ್ಸ್‌ನ ಅಡ್ರಿನಲಿನ್ ಜಿಟಿಎಸ್ ಇವೆಲ್ಲ ಆ ಥರದವು. ಹಳೇ ಮಾಡೆಲ್‌ಗಳಲ್ಲಿ ಸೋಲಿನ ಒಳಗಡೆ ಭಾಗಕ್ಕೆ ಬೇರೆ ಬಣ್ಣದ, ಸಾಮಾನ್ಯವಾಗಿ ಬೂದು ಬಣ್ಣದ ಗಟ್ಟಿ ಫೋಮ್ ತುಂಡು ಕೂರಿಸಿರ್ತಾರೆ, ಒತ್ತಿ ನೋಡಿದ್ರೆ ಬೆರಳಿಗೇ ವ್ಯತ್ಯಾಸ ತಿಳಿಯತ್ತೆ. ಹೊಸದರಲ್ಲಿ ಬೇರೆ ಬೇರೆ ರೀತಿ ಮಾಡ್ತಾರೆ, ಉದ್ದೇಶ ಅದೇ, ಕಾಲು ಒಳಗೆ ವಾಲದ ಹಾಗೆ ತಡೆಯೋದು. ಬೆಲೆ ಜಾಸ್ತಿ, ಒಪ್ತೀನಿ. ಹಿಂದಿನ ವರ್ಷದ ಮಾಡೆಲ್‌ಗೆ ಡಿಸ್ಕೌಂಟ್ ಬಿಡ್ತಾರೆ, ನಾನು ತಗೊಂಡಿದ್ದು ಹಾಗೇ.

ಅಗಲದ ಕತೆ ಬೇರೆ. ಚಪ್ಪಟೆ ಪಾದ ನಿಂತಾಗ ಹರಡ್ಕೊಳ್ಳತ್ತೆ, ಲೇಡೀಸ್ ಶೂ ಎಲ್ಲಾ ನನಗೆ ಪಕ್ಕದಲ್ಲಿ ಕಚ್ತಿದ್ವು, ಅದಕ್ಕೆ ಒಂದು ಸೈಜ್ ದೊಡ್ಡದು ತಗೊಂಡು ತಗೊಂಡು ಹಿಮ್ಮಡಿ ಒಳಗೆ ಕುಲುಕಾಡೋದು. ಶೂ ಡಬ್ಬಿ ಮೇಲೆ ಅಗಲಕ್ಕೂ ಅಕ್ಷರ ಇರತ್ತೆ, ಹೆಂಗಸರ ಮಾಮೂಲಿ ಅಗಲ ಬಿ, ಗಂಡಸರ ಮಾಮೂಲಿ ಅಗಲ ಡಿ, ಅದಕ್ಕಿಂತ ಅಗಲ ಬೇಕಿದ್ರೆ 2ಇ. ಅಂದ್ರೆ ಹೆಂಗಸರಿಗೆ ಅಗಲದ್ದು ಅಂತ ಕೊಡೋ ಡಿ, ಗಂಡಸರ ವಿಭಾಗದಲ್ಲಿ ಸುಮ್ನೆ ಸಾಧಾರಣ ಅಗಲ. ನಾನು ಸೀದಾ ಜೆಂಟ್ಸ್ ಸೆಕ್ಷನ್‌ಗೆ ಹೋದೆ, ಯುಕೆ 6, ಪೂರ್ತಿ ಕಪ್ಪು. ನಂಬರ್ ನೋಡಿ ಮೋಸ ಹೋಗ್ಬೇಡಿ, ಯುಕೆ ನಂಬರೇ ಬೇರೆ ಯುಎಸ್ ನಂಬರೇ ಬೇರೆ, ಶೂ ನಾಲಗೆ ಒಳಗಡೆ ಚೀಟೀಲಿ ಸೆಂಟಿಮೀಟರ್ ಕೂಡ ಬರೆದಿರ್ತಾರೆ, ಅದನ್ನ ನೋಡಿ. ಅಳತೆ ಯಾವಾಗ್ಲೂ ಸಂಜೆ ಹೊತ್ತಲ್ಲಿ, ನಿಂತ್ಕೊಂಡು, ಎರಡೂ ಕಾಲಿಂದು. ನನ್ನ ಬಲಗಾಲು ಎಡಕ್ಕಿಂತ ಅರ್ಧ ಸೆಂಟಿಮೀಟರ್ ಉದ್ದ ಇದೆ, ಇಷ್ಟು ವರ್ಷ ಗೊತ್ತೇ ಇರ್ಲಿಲ್ಲ.

ಇನ್ನು ಕಾಲುಂಗುರ. ಇದರ ಬಗ್ಗೆ ಶೂ ಕಂಪನಿಯೋರು ಯಾರೂ ಯೋಚನೆ ಮಾಡಿರಲ್ಲ. ಮದುವೆಲಿ ಹಾಕಿದ್ದ ಮೂರು ಸುತ್ತಿನ ಕಾಲುಂಗುರ, ಮುಚ್ಚಿದ ಶೂ ಒಳಗೆ ಪಕ್ಕದ ಬೆರಳಿಗೆ ಒತ್ತಿ ಒತ್ತಿ ಗಾಯ ಆಯ್ತು. ತೆಗೆದಿಡೋಕೆ ಮನಸ್ಸು ಒಪ್ಪಲ್ಲ. ಕೊನೆಗೆ ಅಕ್ಕಸಾಲಿ ಹತ್ರ ಅದೇ ಬೆಳ್ಳಿ ಕೊಟ್ಟು ಒಂದೇ ಸುತ್ತಿನ, ಮೇಲೆ ಹೂವು ಗೀವು ಇಲ್ಲದ ತೆಳು ಕಾಲುಂಗುರ ಮಾಡಿಸ್ಕೊಂಡೆ, ಮೇಲೆ ಹತ್ತಿ ಸಾಕ್ಸ್. ಈಗ ಒತ್ತಲ್ಲ.

ಸೀರೆ ಕೆಳಗೆ ಶೂ ಹಾಕ್ಕೊಂಡು ಮೊದಲ ದಿನ ಸ್ಟಾಫ್ ರೂಮಿಗೆ ಹೋದಾಗ ಎಲ್ಲರ ಕಣ್ಣೂ ಕಾಲ ಮೇಲೆ. ಒಬ್ಬರು "ಏನ್ ಮೇಡಂ, ವಾಕಿಂಗ್ ಹೊರಟಿದೀರಾ" ಅಂದ್ರು. ಕಾಲು ನೋವು ಅಂತ ಒಂದೇ ಮಾತು ಹೇಳಿ ಸುಮ್ನಾದೆ. ಸೀರೆ ಉಡೋವಾಗ ಶೂ ಹಾಕ್ಕೊಂಡೇ ನೆರಿಗೆ ಹಿಡೀಬೇಕು, ಇಲ್ದಿದ್ರೆ ಸೋಲಿನ ಎತ್ತರಕ್ಕೆ ಸೀರೆ ಗಿಡ್ಡ ಆಗಿ ಸಾಕ್ಸ್ ಕಾಣತ್ತೆ. ವೆಲ್ಕ್ರೋ ಇರೋದು ತಗೋಬೇಡಿ, ಫಾಲ್ ಕಚ್ಕೊಂಡು ದಾರ ಎಳೆಯತ್ತೆ. ಲೇಸೇ ಒಳ್ಳೇದು. ಕೊನೇಲಿ ಒಂದು ತೂತು ಜಾಸ್ತಿ ಇರತ್ತಲ್ಲ, ಸುಮಾರು ಜನ ಖಾಲಿ ಬಿಟ್ಟಿರ್ತಾರೆ, ಲೇಸನ್ನ ಅದೇ ಪಕ್ಕದ ಆ ತೂತಿಗೆ ಹಾಕಿ ಪುಟ್ಟ ಕುಣಿಕೆ ಬಿಡಿ, ಇನ್ನೊಂದು ಕಡೆ ಲೇಸನ್ನ ಆ ಕುಣಿಕೆ ಒಳಗಿಂದ ತೂರಿಸಿ ಎಳೆದು ಕಟ್ಟಿ. ಹಿಮ್ಮಡಿ ಅಲ್ಲಾಡೋದು ನಿಂತೋಗತ್ತೆ. ನನಗೆ ಶೂ ಬದಲಾಯಿಸಿದಷ್ಟೇ ಫರಕು ಇದರಿಂದ ಗೊತ್ತಾಯ್ತು.

ಆದ್ರೂ ಪೂರ್ತಿ ಕಡಿಮೆ ಆಗ್ಲಿಲ್ಲ, ಯಾಕೆ ಅಂತ ತಿಳಿದಿದ್ದು ಆಮೇಲೆ. ಸ್ಕೂಲಲ್ಲಿ ಏಳು ಗಂಟೆ ಶೂ ಸರಿ, ಮನೇಲಿ? ಬೆಳಿಗ್ಗೆ ಐದೂವರೆಯಿಂದ ಎಂಟೂವರೆ, ಸಂಜೆ ಆರರಿಂದ ಹತ್ತು, ಹೆಚ್ಚು ಕಮ್ಮಿ ಸ್ಕೂಲಷ್ಟೇ ಹೊತ್ತು ಕಲ್ಲಿನ ಮೇಲೆ ಬರಿಗಾಲು. ಮನೆ ಒಳಗೆ ಹಾಕ್ಕೊಳ್ಳೋಕೆ ಬೇರೆ ಚಪ್ಪಲಿ ಬೇಕು ಅಂದಾಗ ನಮ್ಮತ್ತೆಗೆ ಸಂಕಟ ಆಯ್ತು, ಅಡುಗೆಮನೆಗೆ ಚಪ್ಪಲಿ ಅಂದ್ರೆ ಅವರಿಗೆ ಹೇಗಾಗಿರಬೇಕು ಅಂತ ನನಗೂ ಅರ್ಥ ಆಗತ್ತೆ. ಜಗಳ ಮಾಡ್ಲಿಲ್ಲ. ಹೊಸಾ ಚಪ್ಪಲಿ, ಡಬ್ಬಿಯಿಂದ ತೆಗೆದಿದ್ದು ಮನೆ ಒಳಗೇ, ಹೊಸ್ತಿಲು ದಾಟಲ್ಲ, ವಾರಕ್ಕೆ ಎರಡ್ಸಲ ತೊಳೀತೀನಿ, ದೇವರ ಮನೆ ಮುಂದೆ ಬಿಟ್ಟೇ ಒಳಗೆ ಹೋಗ್ತೀನಿ ಅಂತ ಮಾತಾಯ್ತು. ಆರು ತಿಂಗಳ ಮೇಲೆ ಅವರಿಗೂ ಹಿಮ್ಮಡಿ ನೋವು ಬಂತು, ಅವರೇ "ನನಗೂ ಒಂದು ಜೊತೆ ಹಂಗಿರೋದು ತಂದ್ಕೊಡಮ್ಮ" ಅಂದ್ರು. ಅವರಿಗೆ ಎಂಸಿಆರ್ ಅನ್ನೋ ಮೆತ್ತನೆ ರಬ್ಬರಿನ ಚಪ್ಪಲಿ ತಂದೆ, ಸಕ್ಕರೆ ಕಾಯಿಲೆಯೋರಿಗೆ ಕೊಡ್ತಾರಲ್ಲ, ಅದು. ನನಗೆ ಮಾತ್ರ ಹಿಂದೆ ಪಟ್ಟಿ ಇರೋದೇ ಆಗ್ಬೇಕು, ಪಟ್ಟಿ ಇಲ್ದಿದ್ರೆ ಚಪ್ಪಲಿ ಬೀಳದ ಹಾಗೆ ಬೆರಳು ಮುದುಡ್ಕೊಂಡು ಹಿಡೀತೀನಿ, ಅದೇ ಒಂದು ನೋವು.

ಬರಿಗಾಲಲ್ಲಿ ನಡೆದ್ರೆ ಎಲ್ಲಾ ಸರಿಹೋಗತ್ತೆ ಅಂತ ಹೇಳೋರೂ ಇದಾರೆ, ಮಣಿಪಾಲದ ಅಧ್ಯಯನನೇ ಹೇಳತ್ತಲ್ಲ ಅಂತಾರೆ. ಅದು ನಿಜವಾದ, ಒಳ್ಳೇ ಅಧ್ಯಯನ. ರಾವ್ ಮತ್ತು ಜೋಸೆಫ್ ಅನ್ನೋ ಡಾಕ್ಟರ್‌ಗಳು 4ರಿಂದ 13 ವರ್ಷದ 2,300 ಮಕ್ಕಳ ಹೆಜ್ಜೆ ಗುರುತು ತಗೊಂಡು 1992ರಲ್ಲಿ ಪ್ರಕಟಿಸಿದ್ರು. ಚಪ್ಪಲಿ ಶೂ ಹಾಕೋ ಮಕ್ಕಳಲ್ಲಿ 8.6 ಪರ್ಸೆಂಟ್ ಚಪ್ಪಟೆ ಪಾದ, ಹಾಕದೇ ಇರೋರಲ್ಲಿ 2.8. ಮುಂದೆ ಮುಚ್ಚಿದ ಶೂ ಹಾಕೋರಲ್ಲೇ ಜಾಸ್ತಿ. ಅದಕ್ಕೇ ನಾಲ್ಕೈದು ವರ್ಷದ ಮಗುಗೆ ಚಪ್ಪಟೆ ಪಾದ ಅಂತ ಹೆದರಿ ಬರೋ ತಾಯಂದಿರಿಗೆ ನಾನು ಹೇಳೋದು, ನೋವಿಲ್ಲ ಅಂದ್ರೆ ಮಣ್ಣಲ್ಲಿ ಬರಿಗಾಲಲ್ಲಿ ಆಡೋಕೆ ಬಿಡಿ, ಕಮಾನು ಬೆಳೆಯೋದೇ ಆ ವಯಸ್ಸಲ್ಲಿ. ಆದ್ರೆ ಅದು ಬೆಳೆಯೋ ಪಾದದ ಮಾತು. ನಲವತ್ತರ ಹೆಂಗಸಿನ ಊದಿದ ಸ್ನಾಯುಗೆ, ಅದೂ ಟೈಲ್ಸ್ ಮೇಲೆ, ಆ ಲೆಕ್ಕ ತಂದು ಹಾಕೋದು ತಪ್ಪು.

ವ್ಯಾಯಾಮ ಬಿಟ್ಟಿಲ್ಲ. ಗೋಡೆಗೆ ಕೈ ಕೊಟ್ಟು ಮೀನಖಂಡ ಎಳೆಯೋದು, ತುದಿಗಾಲಲ್ಲಿ ನಿಧಾನಕ್ಕೆ ಏರಿ ಇಳಿಯೋದು ಹದಿನೈದು ಸಲ, ಕುಕ್ಕರ್ ಕೂಗೋದ್ರೊಳಗೆ ಮುಗಿಯತ್ತೆ. ಹೋದ ಕಾರ್ತಿಕದಲ್ಲಿ ಸಿದ್ಧಗಂಗೆ ಬೆಟ್ಟ ಬರಿಗಾಲಲ್ಲೇ ಹತ್ತಿ ಇಳಿದೆ. ಮಾರನೇ ದಿನ ಸ್ವಲ್ಪ ನೋವಿತ್ತು, ಗೋಡೆ ಹಿಡೀಲಿಲ್ಲ.

ನಮ್ಮ ಸ್ಕೂಲಲ್ಲಿ ಬಿಸಿಯೂಟ ಮಾಡೋ ಅಕ್ಕ ಒಬ್ಬರಿದಾರೆ, ಬೆಳಿಗ್ಗೆ ಒಂಬತ್ತರಿಂದ ಒಲೆ ಮುಂದೆ ಸಿಮೆಂಟ್ ನೆಲದ ಮೇಲೆ ನಿಂತಿರ್ತಾರೆ. ಮೊನ್ನೆ ಅನ್ನದ ಪಾತ್ರೆ ಇಳಿಸಿ ಗೋಡೆಗೆ ಒರಗಿ ಬಲಗಾಲು ನೀವ್ಕೊಳ್ತಿದ್ರು, ನೋಡಿದ್ರೆ ಅದೇ ಜಾಗ, ಕಾಲ್ಚೈನಿನ ಕೆಳಗೆ. ಬಾಗಿಲ ಹತ್ರ ಬಿಟ್ಟಿದ್ದ ಅವರ ಹವಾಯಿ ಚಪ್ಪಲಿ ಎತ್ತಿ ಬೆಳಕಿಗೆ ಹಿಡಿದೆ, ಹಿಮ್ಮಡಿಯ ಒಳಗಡೆ ಸವೆದು ತೂತೇ ಬಿದ್ದಿದೆ, ಆ ಕಡೆ ಅಂಗಳ ಕಾಣ್ತಿತ್ತು. "ಅಯ್ಯೋ ಅದ್ಯಾಕ್ ಮುಟ್ತೀರ ಮೇಡಂ" ಅಂತ ಕಸ್ಕೊಳ್ಳೋಕೆ ಬಂದ್ರು. ತುದಿಗಾಲಲ್ಲಿ ನಿಲ್ಲಿ ಅಕ್ಕ ಅಂದೆ, ಗೋಡೆ ಹಿಡಿದು ನಿಂತ್ರು, ಬಾಗು ಬಂತು. ಭಾನುವಾರ ಇಬ್ಬರೂ ಬಸ್‌ಸ್ಟ್ಯಾಂಡ್ ಹತ್ರ ಸಿಗೋದು ಅಂತ ಆಗಿದೆ. ಬೆಳಿಗ್ಗೆನೇ ಬರ್ತೀನಿ ಬಿಸಿಲಿರಲ್ಲ ಅಂದ್ರು, ಬೇಡ ಸಂಜೆ ಐದಕ್ಕೆ ಬನ್ನಿ, ಕಾಲು ಊದಿರೋ ಹೊತ್ತಲ್ಲೇ ಅಳತೆ ನೋಡ್ಬೇಕು ಅಂತ ಹೇಳಿದೀನಿ.