ಹೊಳೆಯ ಜೊತೆಗೆ ಸಮುದ್ರದವರೆಗೆ

ಪ್ರತಿ ಬೇಸಿಗೆ ರಜೆಯಲ್ಲಿಯೂ ಮಕ್ಕಳನ್ನು ಕಾರಿನಲ್ಲಿ ತುಂಬಿಕೊಂಡು ನಾಲ್ಕು ದಿನಗಳಲ್ಲಿ ಹತ್ತು ಊರುಗಳನ್ನು ನೋಡಿ, ಬೆಂಗಳೂರಿಗೆ ಮರಳಿದ ಮೇಲೆ ಯಾವ ದೇವಸ್ಥಾನ ಯಾವ ಊರಿನದು ಎಂಬುದನ್ನು ಫೋಟೋ ನೋಡಿಯೇ ನೆನಪಿಸಿಕೊಳ್ಳುವ ಪದ್ಧತಿ ನಮ್ಮದಾಗಿತ್ತು. ಈ ಸಲ ಸಿದ್ದಾಪುರ ತಾಲ್ಲೂಕಿನಲ್ಲಿರುವ ನನ್ನ ತವರಿನಲ್ಲಿ ಉಳಿದುಕೊಂಡು, ಅಘನಾಶಿನಿ ಹೊಳೆಯೊಂದನ್ನೇ ಅದು ಹುಟ್ಟುವಲ್ಲಿಂದ ಸಮುದ್ರ ಸೇರುವವರೆಗೆ ಹಿಂಬಾಲಿಸೋಣ ಎಂದು ಅಪ್ಪಯ್ಯ ಹೇಳಿದಾಗ, ಮೈಸೂರು ಕಡೆಯವರಾದ ನಮ್ಮ ಯಜಮಾನರು ಮೇ ತಿಂಗಳಲ್ಲಿ ಹೊಳೆಯಲ್ಲಿ ನೋಡಲು ನೀರಾದರೂ ಇರುತ್ತದೆಯೇ ಎಂದು ಕೇಳಿದರು. ಮಳೆಗಾಲದ ಹೊಳೆಯನ್ನು ದಡದಲ್ಲಿ ನಿಂತು ನೋಡಬಹುದಷ್ಟೇ, ಒಳಗೆ ಇಳಿಯಬೇಕಾದರೆ ಬೇಸಿಗೆಯೇ ಬರಬೇಕು ಎಂಬುದು ಅಪ್ಪಯ್ಯನ ಉತ್ತರ.

ಶಿರಸಿ ಪಟ್ಟಣದ ಶಂಕರಹೊಂಡದಲ್ಲಿ ನಮ್ಮ ಪ್ರಯಾಣ ಆರಂಭವಾಯಿತು. ಅಲ್ಲಿಂದ ಬರುವ ದೋಣಿಹಳ್ಳವೂ ಮಂಜುಗುಣಿಯ ಕಡೆಯಿಂದ ಬರುವ ಬಕುರಹೊಳೆಯೂ ಮುತ್ತಹಳ್ಳಿಯ ಬಳಿ ಕೂಡಿ ಅಘನಾಶಿನಿಯಾಗುತ್ತವೆ. ನದಿಯ ಮೂಲವೆಂದರೆ ಬಂಡೆಯ ಸಂದಿಯಿಂದ ಚಿಮ್ಮುವ ಬುಗ್ಗೆ ಎಂದು ಕಲ್ಪಿಸಿಕೊಂಡಿದ್ದ ಹನ್ನೊಂದು ವರ್ಷದ ಮಗನಿಗೆ ಊರ ನಡುವಿನ ಹೊಂಡವನ್ನು ಕಂಡು ಬಹಳ ನಿರಾಸೆಯಾಯಿತು.

ಅವನ ಮುಖ ಅರಳಿದ್ದು ತವರಿನ ತೋಟದ ಕೆಳಗಿನ ಮಡುವಿನಲ್ಲಿ. ಹೊಳೆ ಅಲ್ಲಿ ಬಂಡೆಗಳ ನಡುವೆ ಸಣ್ಣ ಸಣ್ಣ ಗುಂಡಿಗಳಾಗಿ ನಿಂತಿತ್ತು. ಒಂದು ಗುಂಡಿಯಿಂದ ಇನ್ನೊಂದಕ್ಕೆ ಬೆರಳಿನಷ್ಟು ದಪ್ಪದ ನೀರು ಸದ್ದಿಲ್ಲದೆ ಹರಿಯುತ್ತಿತ್ತು. ಬಂಡೆಯ ನೆರಳಿನಲ್ಲಿ ಕಾಲು ಇಳಿಬಿಟ್ಟು ಅಲುಗಾಡದೆ ಕುಳಿತರೆ ಸಣ್ಣ ಮೀನುಗಳು ಬಂದು ಹಿಮ್ಮಡಿಯನ್ನು ಕಚ್ಚುತ್ತಿದ್ದವು, ಏಳು ವರ್ಷದ ಮಗಳು ಕಿರುಚಿದರೆ ಎಲ್ಲವೂ ಒಮ್ಮೆಗೇ ಮಾಯವಾಗುತ್ತಿದ್ದವು. ಅಪ್ಪಯ್ಯನ ಕೈಯಲ್ಲಿ ಬಿದಿರಿನ ಕೋಲೊಂದು ಸದಾ ಇರುತ್ತಿತ್ತು. ಮೊದಲು ಅವರು ಅದನ್ನು ನೀರಿಗೆ ಇಳಿಸಿ ಆಳ ನೋಡುತ್ತಿದ್ದರು, ಆಮೇಲೆ ಅದರ ತುದಿಯಿಂದ ಕಲ್ಲನ್ನು ಉಜ್ಜಿ ಹಾವಸೆ ಎಷ್ಟಿದೆ ಎಂದು ನೋಡುತ್ತಿದ್ದರು. “ತಮಾ, ಕೋಲು ಮುಳುಗಿದಲ್ಲಿ ಇಳಿಯಡ” ಎಂಬುದೊಂದೇ ಅವರ ಕಟ್ಟಳೆ. ಪಟ್ಟಣದಲ್ಲಿ ನಾವು ದಿನಕ್ಕೆ ಇಪ್ಪತ್ತು ಎಚ್ಚರಿಕೆಗಳನ್ನು ಕೊಟ್ಟು ಒಂದನ್ನೂ ಪಾಲಿಸುವಂತೆ ಮಾಡಲಾರೆವು. ಅಜ್ಜನ ಈ ಒಂದು ಮಾತನ್ನು ಮಾತ್ರ ಇಬ್ಬರೂ ಮೀರಲಿಲ್ಲ.

ಆದರೆ ಬೇಸಿಗೆಯ ಮಲೆನಾಡಿನಲ್ಲಿ ನೀರಿಗಿಂತ ಹೆಚ್ಚು ಹೆದರಬೇಕಾದದ್ದು ಒಣಗಿದ ತರಗೆಲೆಗೆ. ಮಳೆಗಾಲದಲ್ಲಿ ಇಂಬಳವಾದರೆ ಬೇಸಿಗೆಯಲ್ಲಿ ಉಣುಗು, ಅಂದರೆ ಉಣ್ಣೆ ಹುಳ. ಇಂಬಳ ರಕ್ತ ಕುಡಿದು ಉದುರಿಹೋಗುತ್ತದೆ, ಉಣುಗು ಮಂಗನ ಕಾಯಿಲೆಯನ್ನು ತರಬಲ್ಲದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗ ಚಳಿಗಾಲದ ಕೊನೆಯಿಂದ ಮಳೆ ಬೀಳುವವರೆಗೆ ನಮ್ಮ ಸೀಮೆಯನ್ನು ಕಾಡುತ್ತಲೇ ಇರುತ್ತದೆ. ಈ ವರ್ಷ ಸುತ್ತಮುತ್ತ ಎಲ್ಲಿಯೂ ಮಂಗ ಸತ್ತ ಸುದ್ದಿ ಇಲ್ಲವೆಂದು ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ ತಿಳಿದುಕೊಂಡ ಮೇಲೆಯೇ ನಾವು ಹೊರಟಿದ್ದೆವು. ಕೈಕಾಲಿಗೆ ಎಣ್ಣೆಯನ್ನೂ ಹಚ್ಚಿಕೊಂಡಿದ್ದೆವು. ಆದರೂ ಎರಡನೆಯ ಸಂಜೆ ಮೀಯುವ ಮೊದಲು ಆಯಿ ದೀಪದ ಕೆಳಗೆ ಮಗನನ್ನು ನಿಲ್ಲಿಸಿ ಪರೀಕ್ಷಿಸಿದಾಗ, ಮಂಡಿಯ ಹಿಂಭಾಗದಲ್ಲಿ ಎಳ್ಳಿನ ಕಾಳಿನಷ್ಟು ಕಪ್ಪು ಚುಕ್ಕೆಯೊಂದು ಕಂಡಿತು. ಬೆರಳಿನಿಂದ ಹಿಸುಕದೆ ಚಿಮಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆದು ತೆಗೆದೆವು, ಸೋಪಿನಿಂದ ತೊಳೆದೆವು. ಮುಂದಿನ ಎರಡು ವಾರ ಅವನ ಹಣೆ ಮುಟ್ಟಿ ನೋಡಿದ್ದಕ್ಕೆ ಲೆಕ್ಕವಿಲ್ಲ. ಜ್ವರ ಬರಲಿಲ್ಲ. ಇಂತಹ ಪ್ರವಾಸಗಳ ಬಗ್ಗೆ ಬರೆಯುವವರು ಈ ಸಂಗತಿಯನ್ನು ಬಿಟ್ಟುಬಿಡುವುದು ನನಗೆ ಸರಿಕಾಣುವುದಿಲ್ಲ.

ಮೂರನೆಯ ದಿನ ಹೆಗ್ಗರಣೆಯ ಮೇಲೆ ಉಂಚಳ್ಳಿಗೆ ಹೋದೆವು. ಹೊಳೆ ಅಲ್ಲಿ 116 ಮೀಟರ್ ಕೆಳಕ್ಕೆ ಧುಮುಕುತ್ತದೆ. ಮಳೆಗಾಲದ ಅಬ್ಬರಕ್ಕೆ ಪಕ್ಕದವರ ಮಾತೂ ಕೇಳಿಸದ ಕಾರಣ ಅದನ್ನು ಕೆಪ್ಪ ಜೋಗ ಎನ್ನುತ್ತಾರೆ. ನಾವು ನಿಂತಾಗ ಬಿಳಿಯ ದಾರಗಳಂತೆ ನೀರು ಇಳಿಯುತ್ತಿತ್ತು, ಆಚೆಯ ಕಾಡಿನ ಹಕ್ಕಿಗಳ ಕೂಗೂ ಸ್ಪಷ್ಟವಾಗಿ ಕೇಳುತ್ತಿತ್ತು. “ಬೇಸಿಗೆಲಿ ಕೆಪ್ಪ ಜೋಗಕ್ಕೂ ಕಿವಿ ಕೇಳ್ತು” ಎಂದು ಅಪ್ಪಯ್ಯ ನಕ್ಕರು. ನೀರಿನ ಹಿಂದಿನ ಬಂಡೆಯ ಪದರಗಳನ್ನು ನಾನು ಹುಟ್ಟಿದಾರಭ್ಯ ನೋಡಿದ್ದು ಅದೇ ಮೊದಲು.

ಅಲ್ಲಿಂದ ಮುಂದಿನ ಕಣಿವೆಯಲ್ಲಿ ನಡೆಯುವುದು ನಮ್ಮಂತಹವರ ಕೆಲಸವಲ್ಲವಾದ್ದರಿಂದ ದೇವಿಮನೆ ಘಟ್ಟ ಇಳಿದು ಹೊಳೆಯನ್ನು ಬಯಲಿನಲ್ಲಿ ಮತ್ತೆ ಹಿಡಿದೆವು. ಮಿರ್ಜಾನ್ ಕೋಟೆಯನ್ನು ಬಿಸಿಲಿಗೆ ಹೆದರಿ ಅರ್ಧ ಗಂಟೆಯಲ್ಲಿ ಮುಗಿಸಿದೆವು. ಕೋಟೆಯ ಆಚೆಗೆ ಹೊಳೆ ಬೇರೆಯೇ ಆಗಿಬಿಟ್ಟಿತ್ತು. ಸುಮಾರು 120 ಕಿಲೋಮೀಟರ್ ಹಾದಿಯಲ್ಲಿ ದೊಡ್ಡ ಅಣೆಕಟ್ಟು ಒಂದೂ ಇಲ್ಲದೆ ಬರುವ ಈ ನೀರು ಕೊನೆಯಲ್ಲಿ ಅಗಲವಾದ ಅಳಿವೆಯಾಗಿ ಹರಡಿಕೊಳ್ಳುತ್ತದೆ. ಉಪ್ಪುನೀರನ್ನು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುವ ಗಜನಿ ಭೂಮಿ ಇರುವುದು ಇಲ್ಲಿಯೇ. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ 4,801 ಹೆಕ್ಟೇರ್ ಜೌಗುಪ್ರದೇಶವೂ ಇದೇ.

ತದಡಿಯಿಂದ ದೋಣಿಯಲ್ಲಿ ಆಚೆ ದಡದ ಅಘನಾಶಿನಿ ಎಂಬ ಊರಿಗೆ ದಾಟಿದೆವು. ಅಮಾವಾಸ್ಯೆಯ ಮರುದಿನವಾದ್ದರಿಂದ ನೀರು ಎಂದಿಗಿಂತ ಹೆಚ್ಚು ಇಳಿದಿತ್ತು. ತೆರೆದುಕೊಂಡ ನೆಲದಲ್ಲಿ ಹೆಂಗಸರು ಮೊಣಕಾಲಿನವರೆಗೆ ನಿಂತು, ಪಾದದಿಂದ ತಡಕಿ, ಬಗ್ಗಿ, ಬಳಚು ಎಂಬ ಚಿಪ್ಪುಮೀನು ಹೆಕ್ಕಿ ಬುಟ್ಟಿಗೆ ಹಾಕುತ್ತಿದ್ದರು. ನಾವು ತಿನ್ನುವವರಲ್ಲದಿದ್ದರೂ ಮಗಳು ಅರ್ಧ ಗಂಟೆ ಅವರ ಹಿಂದೆಯೇ ತಿರುಗಿದಳು. ಕಣ್ಣಿಗೆ ಕಾಣದ್ದನ್ನು ಕಾಲು ಹೇಗೆ ಹುಡುಕುತ್ತದೆ ಎಂಬುದು ಅವಳ ಕುತೂಹಲ. ಒಬ್ಬಾಕೆ ಅವಳ ಪಾದವನ್ನು ಹಿಡಿದು ಕೆಸರಿನಲ್ಲಿ ಒತ್ತಿಸಿ, “ಗಟ್ಟಿ ಹತ್ತಿತ್ತ?” ಎಂದು ಕೇಳಿದರು. ಹತ್ತಿತು, ಎರಡು ಬಳಚು ಸಿಕ್ಕವು, ಅದೇ ಕೆಸರಿನಲ್ಲಿ ಅವಳ ಒಂದು ಚಪ್ಪಲಿ ಹೋಯಿತು.

ನಾವೆಲ್ಲರೂ ಸೇರಿ ಹುಡುಕುವಷ್ಟರಲ್ಲಿ ಭರತ ಏರತೊಡಗಿತು. ನೀರು ದಿನಕ್ಕೆ ಎರಡು ಸಲ ಇಳಿಯುತ್ತದೆ, ನಾಳೆ ಇಂದಿಗಿಂತ ಮುಕ್ಕಾಲು ಗಂಟೆಯಷ್ಟು ತಡವಾಗಿ ಬಂದರೆ ಇದೇ ನೆಲ ಸಿಗುತ್ತದೆ ಎಂದು ದೋಣಿಯವರು ಅವಳಿಗೆ ಸಮಾಧಾನ ಹೇಳಿದರು. ಮರುದಿನ ನಾವು ಬೆಂಗಳೂರಿನ ಬಸ್ಸಿನಲ್ಲಿದ್ದೆವು. ಉಳಿದ ಇನ್ನೊಂದು ಚಪ್ಪಲಿಯನ್ನು ಬಿಸಾಡಲು ಅವಳು ಇಂದಿಗೂ ಒಪ್ಪಿಲ್ಲ.