ಶೇಂಗಾ ಎಣ್ಣೆ ಬೇಡ, ಅಗಸೆ ಎಣ್ಣೆ ತನ್ನಿ

ಪಕ್ಕದ ಚಳ್ಳಕೆರೆ ಎಣ್ಣೆ ಮಿಲ್ಲುಗಳ ಊರು. ಹಾಗಾಗಿ ಚಿತ್ರದುರ್ಗದಲ್ಲಿ ಗಿಟಾರಿನ ನೆಕ್ಕಿಗೆ, ಅಂದರೆ ಕೈಯಲ್ಲಿ ಹಿಡಿಯುವ ಉದ್ದನೆಯ ಕತ್ತಿಗೆ, ಎಣ್ಣೆ ಉಜ್ಜುವ ಮಾತೆತ್ತಿದರೆ ಯಾರಾದರೊಬ್ಬರು ಅಡುಗೆಮನೆಯಿಂದ ಶೇಂಗಾ ಎಣ್ಣೆ ತಂದಿಟ್ಟೇ ಇಡುತ್ತಾರೆ. ಒಂದು ನೆಕ್ಕಿಗೆ ಎಣ್ಣೆ ಹಾಕಲು ನಾವು ಕೂತ ಭಾನುವಾರವೂ ಮೊದಲು ಬಂದದ್ದು ಅದೇ. ವಾಪಸ್ ಕಳಿಸಬೇಕಾಯಿತು. ಶೇಂಗಾ, ಕೊಬ್ಬರಿ ಎಣ್ಣೆಗಳು ಎಷ್ಟು ದಿನ ಬಿಟ್ಟರೂ ಜಿಡ್ಡಾಗಿಯೇ ಉಳಿದು, ಕೊನೆಗೆ ಕಮಟು ವಾಸನೆ ಹೊಡೆಯುತ್ತವೆ. ಅಗಸೆ ಎಣ್ಣೆ ಹಾಗಲ್ಲ. ಗಾಳಿಯ ಆಮ್ಲಜನಕ ಹೀರಿಕೊಂಡು ಮರದೊಳಗೇ ಗಟ್ಟಿಯಾಗುತ್ತದೆ. ಆದರೆ ಆಯುರ್ವೇದದ ಅಂಗಡಿಯ ಹಸಿ ಅಗಸೆ ಎಣ್ಣೆ ಆರಲು ವಾರಗಟ್ಟಲೆ ಬೇಕು. ಪೇಂಟ್ ಅಂಗಡಿಯಲ್ಲಿ ‘ಡಬಲ್ ಬಾಯ್ಲ್ಡ್’ ಅಂತಲೇ ಕೇಳಿ. ಬೇಗ ಆರಿಸುವ ಲೋಹದ ಲವಣಗಳು ಅದರಲ್ಲಿ ಬೆರೆತಿರುತ್ತವೆ, ಹಾಗಾಗಿ ಬಾಯಿಗೆ ಹೋಗಬಾರದು.

ಕೈಗೆ ಬಂದದ್ದು ನಾಲ್ಕು ಸ್ಕ್ರೂಗಳಲ್ಲಿ ಗಿಟಾರಿನ ಬಾಡಿಯ ಮೇಲೆ ಕೂರುವ ಮೇಪಲ್ ನೆಕ್, ಹಿಂಬದಿಗೆ ದಪ್ಪ ಪಾಲಿಯುರೆಥೇನ್ ಹೊಳಪು. ಬೆವರಿದ ಕೈಯ ಹೆಬ್ಬೆರಳು ಇಂಥ ಹೊಳಪಿನ ಮೇಲೆ ಜಾರುವುದಿಲ್ಲ, ಕಚ್ಚಿಕೊಳ್ಳುತ್ತದೆ. ಅದಕ್ಕೇ ಹೊಳಪು ಕೆರೆದು ಎಣ್ಣೆ ಹಾಕುವುದು. ತಂತಿ, ಅದನ್ನು ಬಿಗಿಯುವ ಟ್ಯೂನರ್ ಕಳಚಿ ನೆಕ್ ಬಿಡಿಸಿದ್ದಾಯಿತು. ಬೆರಳುಹಲಗೆ, ಅದರ ತುದಿಯಲ್ಲಿ ತಂತಿ ಆನುವ ನಟ್, ಟ್ಯೂನರ್ ಕೂರುವ ಹೆಡ್‌ಸ್ಟಾಕ್ ಮೂರನ್ನೂ ಮಾಸ್ಕಿಂಗ್ ಟೇಪಿನಿಂದ ಮುಚ್ಚಬೇಕು. ಬಾಡಿಯ ಗುಂಡಿಯಲ್ಲಿ ಕೂರುವ ಹಿಮ್ಮಡಿಯನ್ನು ಉಜ್ಜಲೇಬಾರದು. ಅಲ್ಲಿ ಕೂದಲೆಳೆಯಷ್ಟು ಸವೆದರೂ ಕೋನ ತಪ್ಪಿ, ತಂತಿಯ ಎತ್ತರ ಬದಲಾಗುತ್ತದೆ.

ಹಳೆಯ ಪಾಲಿ ಸಾಮಾನ್ಯ ಥಿನ್ನರಿಗೆ ಬಗ್ಗುವುದಿಲ್ಲ. ಹೀಟ್ ಗನ್ ಹಿಡಿದರೆ ಬೆರಳುಹಲಗೆಯ ಅಂಟೇ ಸಡಿಲಾದೀತು. ನಮ್ಮ ಬಡಗಿಗಳ ಗಾಜಿನ ಚೂರೇ ಇದಕ್ಕೆ ವಾಸಿ. ಹೊಸದಾಗಿ ಒಡೆದ ಅಂಚನ್ನು ಸ್ವಲ್ಪ ಓರೆ ಹಿಡಿದು ಎಳೆದರೆ ಪಾಲಿ ಬಿಳಿ ಸುರುಳಿಯಾಗಿ ಏಳುತ್ತದೆ. ಸುರುಳಿ ಹೋಗಿ ಮರದ ಹುಡಿ ಕಂಡ ಕೂಡಲೇ ನಿಲ್ಲಿಸಿ, ಇಲ್ಲವಾದರೆ ನೆಕ್ಕಿನ ಆಕಾರವೇ ಹೋಗುತ್ತದೆ. ಕೈಗವಸು, ಮೂಗಿಗೆ ಮಾಸ್ಕ್ ಇರಲಿ. ಆಮೇಲೆ 180, 220, 320ರ ಉಪ್ಪುಕಾಗದ (ಸಂಖ್ಯೆ ಹೆಚ್ಚಿದಷ್ಟೂ ನಯ), ಮರದ ಎಳೆಯ ಉದ್ದಕ್ಕೇ. ಅಡ್ಡ ಉಜ್ಜಿದ ಗೀರು ಆಗ ಕಾಣುವುದಿಲ್ಲ, ಎಣ್ಣೆ ಬಿದ್ದ ಮೇಲೆ ಕಪ್ಪಗೆ ಎದ್ದು ನಿಲ್ಲುತ್ತದೆ. 320 ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ ಒಣಗಲು ಬಿಟ್ಟರೆ ಮಲಗಿದ್ದ ಎಳೆಗಳು ಗಡ್ಡದ ಹಾಗೆ ಏಳುತ್ತವೆ. 400ರಲ್ಲಿ ಹಗುರವಾಗಿ ಕೈಯಾಡಿಸಿ ಅದನ್ನು ತೆಗೆಯಬೇಕು. ಈ ಹಂತ ಬಿಟ್ಟವರಿಗೆ ಮೊದಲ ಬೆವರಿಗೇ ನೆಕ್ ತರಿತರಿ. ಇಷ್ಟಾದ ಮೇಲೆ ಬೆಣ್ಣೆ ದೋಸೆ ತಿಂದ ಕೈಯಲ್ಲಿ ಯಾರೂ ಮುಟ್ಟದ ಹಾಗೆ ನೋಡಿಕೊಳ್ಳಿ. ಜಿಡ್ಡು ಕೂತಲ್ಲಿ ಅಗಸೆ ಎಣ್ಣೆ ಇಳಿಯದೆ ಕಲೆ ನಿಲ್ಲುತ್ತದೆ.

ಮೊದಲ ಕೈಗೆ, ಅಂದರೆ ಮೊದಲ ಲೇಪಕ್ಕೆ, ಎಣ್ಣೆ, ಟರ್ಪೆಂಟೈನ್ ಸಮಸಮ. ಎರಡೂ ಸೇರಿ ಒಂದು ಟೀ ಚಮಚ ಸಾಕು. ಹಳೆಯ ಪಂಚೆಯ ತುಂಡಿಗೆ ಹಾಕಿ ಉಜ್ಜಿದೊಡನೆ ಬಿಳಿಚಿಕೊಂಡಿದ್ದ ಮೇಪಲ್ ಜೇನಿನ ಬಣ್ಣಕ್ಕೆ ತಿರುಗಿತು. ಹದಿನೈದು ನಿಮಿಷ ಬಿಟ್ಟು, ಒಣಬಟ್ಟೆಯಿಂದ ಒರೆಸಿ ತೆಗೆಯಬೇಕು. ಬಟ್ಟೆಗೆ ಏನೂ ಹತ್ತದಷ್ಟು. ಇಲ್ಲೇ ಎಲ್ಲರೂ ಎಡವುವುದು. ಹಚ್ಚಿದ್ದನ್ನು ಒರೆಸಲು ಮನಸ್ಸು ಬಾರದೆ ಹಾಗೇ ಬಿಟ್ಟರೆ ಮೇಲ್ಪದರ ಮೊದಲು ಕೆನೆಗಟ್ಟಿ, ಕೆಳಗಿನ ಎಣ್ಣೆಗೆ ಗಾಳಿ ಸಿಗದೆ, ನೆಕ್ ವಾರವಾದರೂ ಅಂಟಂಟು. ಹಾಗಾದರೆ ಟರ್ಪೆಂಟೈನಿನಲ್ಲಿ ತೋಯಿಸಿದ ಬಟ್ಟೆಯಿಂದ ಅಂಟು ಕರಗಿಸಿ ತೆಗೆದು ಮತ್ತೆ ಶುರುಮಾಡುವುದೇ ದಾರಿ.

ಎರಡನೆಯ ಕೈಯಿಂದ ಬರೀ ಎಣ್ಣೆ, ಟರ್ಪೆಂಟೈನ್ ಇಲ್ಲ. ಏಳೆಂಟು ಹನಿಯನ್ನು ಅಂಗೈಗೆ ಹಾಕಿಕೊಂಡು ನೆಕ್ಕನ್ನು ಬಿಸಿ ಹುಟ್ಟುವ ತನಕ ತಿಕ್ಕಬೇಕು. ಬಿಸಿಗೆ ಎಣ್ಣೆ ತೆಳುವಾಗಿ ಚೆನ್ನಾಗಿ ಇಳಿಯುತ್ತದೆ. ಕೆಲಸ ಮುಗಿದ ಮೇಲೆ ಕೈ ಸೋಪಿನಲ್ಲಿ ತೊಳೆಯಿರಿ. ಒಂದು ಕೈ ಲೇಪಕ್ಕೂ ಇನ್ನೊಂದಕ್ಕೂ ಕನಿಷ್ಠ 24 ಗಂಟೆ, ಮೋಡ ಮುಸುಕಿದ್ದರೆ 48. ಮೂಗಿನ ಹತ್ತಿರ ಹಿಡಿದಾಗ ಎಣ್ಣೆ ವಾಸನೆ ಇನ್ನೂ ಜೋರಾಗಿದ್ದರೆ ಆರಿಲ್ಲ ಅಂತಲೇ ಲೆಕ್ಕ. ಐದು ಕೈ ಆದರೆ ಧಾರಾಳ. ಎಂಟು ಹತ್ತು ಅನ್ನುವವರೂ ಇದ್ದಾರೆ. ಮೇಪಲ್ ಅಷ್ಟು ಕುಡಿಯುವ ಮರವಲ್ಲ.

ದುರ್ಗದ ಆಷಾಢದ ಗಾಳಿ ಈ ಕೆಲಸಕ್ಕೆ ಒಳ್ಳೆಯದೂ ಹೌದು, ಕಾಟವೂ ಹೌದು. ಗುಡ್ಡದ ಮೇಲಿನ ಗಾಳಿಯಂತ್ರ ತಿರುಗಿಸುವ ಗಾಳಿಯೇ ತಾರಸಿಯ ಧೂಳನ್ನೂ ತರುತ್ತದೆ. ಟ್ಯೂನರ್ ತೂತಿಗೆ ತಂತಿ ಪೋಣಿಸಿ ನೆಕ್ಕನ್ನು ಒಳಕೋಣೆಯಲ್ಲಿ ತೂಗುಹಾಕಿ, ಎದುರಿನ ಕಿಟಕಿಯನ್ನಲ್ಲ, ಮಗ್ಗುಲಿನದನ್ನು ತೆರೆದಿಟ್ಟೆವು. ಹಾಗಿದ್ದೂ ಮೂರನೆಯ ಕೈಯ ಮೇಲೆ ರವೆಯಂಥ ಧೂಳು ಕೂತಿತ್ತು. 600ರ ಕಾಗದಕ್ಕೆ ಎರಡು ಹನಿ ಎಣ್ಣೆ ಹಾಕಿ ಉಜ್ಜಿ ಒರೆಸಿದ ಮೇಲೆ ಹೋಯಿತು. ಇದಕ್ಕೆ ಸ್ಟೀಲ್ ಉಲ್ಲನ್ ಬಳಸುವವರು ಗಿಟಾರಿನ ಬಾಡಿಯನ್ನು ಬೇರೆ ಕೋಣೆಯಲ್ಲಿಡಿ. ಕಬ್ಬಿಣದ ಎಳೆಗಳು ತಂತಿಯ ದನಿ ಹಿಡಿಯುವ ಪಿಕಪ್ಪಿನ ಅಯಸ್ಕಾಂತಕ್ಕೆ ಹೋಗಿ ಅಂಟಿದರೆ ಬಿಡಿಸುವುದು ಕಷ್ಟ.

ಎಣ್ಣೆಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆಯಲೇಬೇಡಿ. ಆರುವಾಗ ಅಗಸೆ ಎಣ್ಣೆ ಶಾಖ ಬಿಡುತ್ತದೆ. ಮುದ್ದೆಯೊಳಗೆ ಆ ಶಾಖಕ್ಕೆ ಹೊರಗೆ ಹೋಗಲು ದಾರಿಯಿಲ್ಲದೆ, ಕಡ್ಡಿ ಗೀರದೆಯೇ ಬೆಂಕಿ ಹತ್ತುತ್ತದೆ. ನಾವು ಒಂದೊಂದನ್ನೂ ಬಿಡಿಸಿ ತಾರಸಿಯ ಮೇಲೆ ಹರವಿ, ಹಾರದ ಹಾಗೆ ನಾಲ್ಕೂ ಮೂಲೆಗೆ ಕಲ್ಲಿಟ್ಟೆವು. ಸಂಜೆ ಮುಟ್ಟಿದರೆ ಕೆಲವು ಆಗಲೇ ಹಪ್ಪಳದಂತೆ ಸೆಟೆದಿದ್ದವು. ಜಾಗವಿಲ್ಲದವರು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿಡಬಹುದು.

ಕೊನೆಯ ಕೈ ಆದ ಮೇಲೆ ಒಂದು ವಾರ ಮುಟ್ಟಲಿಲ್ಲ. ಆಮೇಲೆ ಕಡಲೆಕಾಳಿನಷ್ಟು ಜೇನುಮೇಣ ಸವರಿ ಒಣಬಟ್ಟೆಯಲ್ಲಿ ತಿಕ್ಕಿ, ಸ್ಕ್ರೂಗಳನ್ನು ಒಂದೇ ಸಲ ಬಿಗಿಯದೆ ಕರ್ಣಕರ್ಣವಾಗಿ ತಿರುಗಿಸಿ ಕೂರಿಸಿದ್ದಾಯಿತು. ಎಣ್ಣೆಯ ನೆಕ್ಕಿನೊಳಗೆ ತೇವ ಪಾಲಿಗಿಂತ ಸಲೀಸಾಗಿ ಓಡಾಡುತ್ತದೆ. ಅದಕ್ಕೇ ತಂತಿ ಕಟ್ಟಿ ಒಂದು ರಾತ್ರಿ ಬಿಟ್ಟು ಮಾರನೆಯ ದಿನ ನೆಕ್ಕಿನ ಬಾಗು ನೋಡಿದೆವು. ತಂತಿಯನ್ನು ಮೊದಲ ಮತ್ತು ಕೊನೆಯ ಫ್ರೆಟ್ಟಿನಲ್ಲಿ (ಬೆರಳುಹಲಗೆಯ ಲೋಹದ ಪಟ್ಟಿಯಲ್ಲಿ) ಒತ್ತಿ ಹಿಡಿದಾಗ, ಏಳನೆಯ ಫ್ರೆಟ್ಟಿಗೂ ತಂತಿಗೂ ನಡುವೆ 0.25 ಮಿಲಿಮೀಟರ್ ಆಸುಪಾಸಿನ ಸಂದು ಇದ್ದರೆ ಸಾಕು. ಸಂದು ಕೊಂಚ ಹೆಚ್ಚಿತ್ತು. ನೆಕ್ಕಿನೊಳಗೆ ಬಾಗು ತಿದ್ದುವ ಲೋಹದ ಸರಳಾದ ಟ್ರಸ್ ರಾಡನ್ನು ಕಾಲು ಸುತ್ತು ಬಿಗಿದೆವು.