ಕವಳಿ ಜಾಮ್: ಒಂದು ಬೇಸಿಗೆಯ ದಾಖಲೆ

ಏಪ್ರಿಲ್ ಕೊನೆಯ ವಾರ

ಬ್ಯಾಣದ (ದನ ಮೇಯುವ ಹುಲ್ಲುಗಾವಲಿನ) ಅಂಚಿನ ಕವಳಿ (ಕರಂಡೆ) ಮಟ್ಟಿಗಳು, ಅಂದರೆ ಮುಳ್ಳುಪೊದೆಗಳು, ಬಣ್ಣ ತಿರುಗಿವೆ. ಮಿಡಿಯಾಗಿದ್ದಾಗ ಅರ್ಧ ಊರು ಬಂದು ಉಪ್ಪಿನಕಾಯಿಗೆಂದು ಕೊಯ್ದುಕೊಂಡು ಹೋಗಿತ್ತು. ಅವರ ಕಣ್ಣು ತಪ್ಪಿಸಿ ಉಳಿದದ್ದು ಈಗ ನಸುಗೆಂಪಾಗಿ, ಆಮೇಲೆ ನೇರಳೆಯಾಗಿ, ಕೊನೆಗೆ ಕಪ್ಪಾಗುತ್ತಿದೆ. ಶಿರಸಿ ಸೀಮೆಯಲ್ಲಿ ಈ ಹಣ್ಣನ್ನು ಕೊಯ್ದಲ್ಲೇ ಬಾಯಿಗೆ ಹಾಕಿಕೊಳ್ಳುವವರೇ ಹೆಚ್ಚು. ಜಾಮ್ ಮಾಡುತ್ತೇನೆಂದರೆ ‘ಪೇಟೆಯಲ್ಲಿ ಸಿಗುತ್ತದಲ್ಲ’ ಎನ್ನುತ್ತಾರೆ. ಪೇಟೆಯಲ್ಲಿ ಕವಳಿ ಸಿಗುವುದು ಬೇರೆಯದೇ ವೇಷದಲ್ಲಿ. ಬೇಕರಿ ಕೇಕಿನ ನೆತ್ತಿಯ ಮೇಲೆ ಕುಳಿತ ಕೆಂಪು ‘ಚೆರ್ರಿ’ಗಳಲ್ಲಿ ಎಷ್ಟೋ ಚೆರ್ರಿಗಳೇ ಅಲ್ಲ, ಬೀಜ ತೆಗೆದು, ಪಾಕದಲ್ಲಿ ನೆನೆಸಿ, ಬಣ್ಣ ಬಳಿದ ಕವಳಿಕಾಯಿಗಳು. ಹುಟ್ಟಿನಿಂದಲೇ ಇಷ್ಟು ಚೆಂದದ ಬಣ್ಣ ಇರುವ ಹಣ್ಣಿಗೆ ಮೊದಲು ಇದ್ದ ಬಣ್ಣ ಕಳೆದು ಆಮೇಲೆ ಬೇರೆ ಬಣ್ಣ ಹಚ್ಚುವ ಸಾಹಸ ಯಾರಿಗೆ ಹೊಳೆಯಿತೋ!

ಈ ಸಲ ಮಾಡಬೇಕೆಂದಿರುವುದು ಇಷ್ಟು: ಅಂಗಡಿಯ ಪೆಕ್ಟಿನ್ ಪುಡಿ ಬೇಡ, ಬಣ್ಣ ಬೇಡ, ಕೆಡದಂತೆ ಹಾಕುವ ರಾಸಾಯನಿಕ ಬೇಡ. ಹಣ್ಣು, ಸಕ್ಕರೆ, ಬೆಂಕಿ. ಇಷ್ಟರಲ್ಲೇ ಚಮಚದಲ್ಲಿ ನಿಲ್ಲುವಷ್ಟು ಗಟ್ಟಿಯಾದ, ಮಲೆನಾಡಿನ ಮಳೆಗಾಲ ದಾಟಿ ದೀಪಾವಳಿಯವರೆಗೆ ಬೂಸಲು ಹಿಡಿಯದ ಜಾಮ್ ಆಗಬೇಕು.

ಜಾಮ್ ಗಟ್ಟಿಯಾಗಲು ಮೂರು ಬೇಕು: ಪೆಕ್ಟಿನ್, ಹುಳಿ, ಸಕ್ಕರೆ. ಹಣ್ಣಿನ ಜೀವಕೋಶಗಳ ಗೋಡೆಯಲ್ಲಿರುವ ಅಂಟೇ ಪೆಕ್ಟಿನ್. ಕಾಯಿಯಲ್ಲಿ ಅದು ಗಟ್ಟಿಯಾಗಿ ಕಟ್ಟಿಕೊಂಡಿರುತ್ತದೆ. ಹಣ್ಣಾಗುತ್ತ ಹೋದಂತೆ ಸಡಿಲವಾಗುತ್ತದೆ. ಕಳಿತ ಮೇಲೆ ಒಡೆದು ಕೆಲಸಕ್ಕೆ ಬಾರದಂತಾಗುತ್ತದೆ. ಹಣ್ಣು ಮೆತ್ತಗಾಗುವುದೇ ಹಾಗೆ. ಆದ್ದರಿಂದ ಜಾಮ್ ನಿಲ್ಲುತ್ತದೋ ಇಲ್ಲವೋ ಎಂಬುದು ಒಲೆಯ ಮೇಲೆ ತೀರ್ಮಾನವಾಗುವ ಸಂಗತಿಯಲ್ಲ, ಗಿಡದ ಬುಡದಲ್ಲಿ ಕೈ ಯಾವ ಕಾಯಿಯತ್ತ ಹೋಗುತ್ತದೆ ಎಂಬುದರಲ್ಲಿದೆ ಎಂದು ನನ್ನ ವಾದ. ಈ ಬೇಸಿಗೆ ಅದನ್ನು ಪರೀಕ್ಷಿಸಿ ನೋಡುವುದು.

ಮೇ ಮೊದಲ ವಾರ

ಕೊಯ್ಲು ಶುರು. ಕವಳಿ ಮುಳ್ಳು ಜೋಡಿಯಾಗಿ ಇರುತ್ತದೆ. ಒಂದರಿಂದ ಕೈ ತಪ್ಪಿಸಿಕೊಂಡರೆ ಇನ್ನೊಂದು ಕಾದಿರುತ್ತದೆ. ಹೊರಗಿನಿಂದ ಕೈ ತೂರಿಸುವ ಬದಲು ಸಣ್ಣ ಕೊಕ್ಕೆಯಲ್ಲಿ ಟೊಂಗೆಯನ್ನು ಬಾಗಿಸಿ ಹಿಡಿದು, ಅಡಿಯಿಂದ ಬಿಡಿಸುವುದು ಸುಲಭ. ತೊಟ್ಟು ಮುರಿದಲ್ಲಿ ಬಿಳಿ ಹಾಲು ಬರುತ್ತದೆ. ಕಾಯಿಯಲ್ಲಿ ಧಾರಾಳ, ಕಪ್ಪು ಹಣ್ಣಿನಲ್ಲಿ ತೀರಾ ಕಡಿಮೆ. ಮೊದಲೇ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡಿದ್ದರೆ ಅಂಟು ಹಿಡಿಯುವುದಿಲ್ಲ. ಪಕ್ಕದ ಮನೆಯ ಮಕ್ಕಳು ಹಲಸಿನ ಎಲೆಯ ಕೊಟ್ಟೆ ಕಟ್ಟಿಕೊಂಡು ಸಹಾಯಕ್ಕೆ ಬಂದರು. ಅವರ ಕೊಟ್ಟೆ ತುಂಬಲೇ ಇಲ್ಲ, ನಾಲಿಗೆ ಮಾತ್ರ ನೇರಳೆಯಾಯಿತು.

ಎರಡು ಬುಟ್ಟಿ ಇಟ್ಟುಕೊಂಡಿದ್ದೆ. ಒಂದರಲ್ಲಿ ಪೂರ್ತಿ ಕಪ್ಪಾದದ್ದು, ಇನ್ನೊಂದರಲ್ಲಿ ಕೆಂಪು ಮತ್ತು ಅರೆಗೆಂಪು. ಮಟ್ಟಿಯ ಒಳಗಿನ, ಮೇಲಿನ ಹಣ್ಣುಗಳನ್ನು ಮುಟ್ಟಲಿಲ್ಲ. ಪಿಕಳಾರಗಳಿಗೂ ಪುನುಗು ಬೆಕ್ಕಿಗೂ ಬೇಸಿಗೆಯ ಕೊನೆಯಲ್ಲಿ ಇದೇ ಊಟ. ಬ್ಯಾಣದಲ್ಲಿ ಹೊಸ ಗಿಡ ಹುಟ್ಟುವುದೂ ಅವು ಉದುರಿಸಿದ ಬೀಜದಿಂದಲೇ.

ಮನೆಗೆ ಬಂದು ತೊಟ್ಟು ಬಿಡಿಸಿ, ಉಪ್ಪುನೀರಿನಲ್ಲಿ ಸ್ವಲ್ಪ ಹೊತ್ತು ಮುಳುಗಿಸಿ ತೊಳೆದದ್ದಾಯಿತು. ತೊಟ್ಟಿನ ಅಂಟು ಹೋಗುತ್ತದೆ, ಒಳಗೆ ಅಡಗಿದ ಹುಳವಿದ್ದರೆ ಅದೂ ಹೊರಬರುತ್ತದೆ.

ಅದೇ ವಾರ, ಒಲೆಯ ಮುಂದೆ

ಮೊದಲ ಪಾತ್ರೆ: ಪೂರ್ತಿ ಕಪ್ಪು ಹಣ್ಣು. ಹಣ್ಣು ಮುಳುಗುವುದಕ್ಕಿಂತ ಕಡಿಮೆ ನೀರು ಹಾಕಿ, ಮೆತ್ತಗಾಗುವವರೆಗೆ ಬೇಯಿಸಿ, ಸೌಟಿನ ಬೆನ್ನಿನಿಂದ ಜರಡಿಯಲ್ಲಿ ಉಜ್ಜಿದೆ. ಬೀಜ ಮೇಲೆ ಉಳಿಯಿತು. ಕೆಳಗಿಳಿದ ತಿರುಳಿನ ಬಣ್ಣ ನೋಡುವಂಥದ್ದು: ಸಿಪ್ಪೆ ಕಪ್ಪಾಗಿದ್ದರೂ ರಸ ಗಾಢ ಕೆಂಪು. ಪಾತ್ರೆ ಸ್ಟೀಲಿನದೇ ಆಗಬೇಕು. ಕಬ್ಬಿಣದ ಬಾಣಲೆಯಲ್ಲಿ ಈ ಕೆಂಪು ಕಪ್ಪುಮಸಿಯಾಗುತ್ತದೆ, ಅಲ್ಯೂಮಿನಿಯಂ ಪಾತ್ರೆಯನ್ನು ಹುಳಿ ತಿನ್ನುತ್ತದೆ.

ಸಕ್ಕರೆ ಹಾಕುವ ಮೊದಲು ಪೆಕ್ಟಿನ್ ಪರೀಕ್ಷೆ. ಆರಿದ ರಸ ಒಂದು ಚಮಚ, ಅದಕ್ಕೆ ಮೂರು ಚಮಚ ಸ್ಪಿರಿಟ್ (ಆಲ್ಕೊಹಾಲ್). ಅಲುಗಾಡಿಸದೆ ಒಂದು ನಿಮಿಷ ಬಿಟ್ಟು ಬಗ್ಗಿಸಿದರೆ ಪೆಕ್ಟಿನ್ ಹೆಚ್ಚಿದ್ದಲ್ಲಿ ಇಡೀ ರಸ ಒಂದೇ ಗಡ್ಡೆಯಾಗಿ ಎದ್ದು ಬರುತ್ತದೆ. ಕಡಿಮೆಯಿದ್ದರೆ ಚೂರುಚೂರಾಗಿ ತೇಲುತ್ತದೆ. ಈ ಮಿಶ್ರಣವನ್ನು ಬಾಯಿಗೆ ಹಾಕುವಂತಿಲ್ಲ, ನೋಡಿ ಚೆಲ್ಲುವುದೇ. ಕಪ್ಪು ಹಣ್ಣಿನ ರಸ ಎರಡು ಮೂರು ತುಂಡಾಯಿತು. ಅರೆಗೆಂಪು ಕಾಯಿಯ ರಸವನ್ನೂ ಪಕ್ಕದಲ್ಲಿ ಹೀಗೇ ನೋಡಿದೆ: ಒಂದೇ ಮುದ್ದೆ, ಚಮಚದಿಂದ ಎತ್ತಬಹುದಾದಷ್ಟು. ವಾದಕ್ಕೆ ಮೊದಲ ಸಾಕ್ಷಿ ಸಿಕ್ಕಿತು.

ಕಪ್ಪು ಹಣ್ಣಿನ ಜಾಮ್ ಒಳ್ಳೆಯ ಪರಿಮಳದ್ದೇ ಆಯಿತು, ಆದರೆ ಮೆದು. ತೆಳ್ಳೇವಿನ (ತೆಳು ದೋಸೆಯ) ಮೇಲೆ ಹಾಕಿದರೆ ಅಂಚಿನತ್ತ ಹರಿಯುತ್ತದೆ. ಹರಿಯುವುದೇ ಚೆಂದ ಎಂದು ಮನೆಯಲ್ಲಿ ಒಂದು ಪಕ್ಷ. ನನ್ನ ಪಕ್ಷಕ್ಕೆ ಬಹುಮತವಿಲ್ಲ.

ಮೇ ನಡು

ಈಗ ಮೂರು ಪಾಲು ಕಪ್ಪು, ಒಂದು ಪಾಲು ಅರೆಗೆಂಪು ಕಾಯಿ. ಪರಿಮಳ, ಬಣ್ಣ ಹಣ್ಣಿನದು, ಅಂಟು ಕಾಯಿಯದು. ಒಂದು ಕಿಲೋ ತಿರುಳಿಗೆ 750 ಗ್ರಾಂ ಸಕ್ಕರೆ. ಬಹಳಷ್ಟು ವಿಧಾನಗಳಲ್ಲಿ ಈ ಹಂತಕ್ಕೆ ನಿಂಬೆರಸ ಹಿಂಡಿ ಎಂದಿರುತ್ತದೆ. ಮಾವಿಗೆ, ಪಪ್ಪಾಯಿಗೆ ಸರಿ, ಕವಳಿಗೆ ಅಲ್ಲ. ಪೆಕ್ಟಿನ್ ಚೆನ್ನಾಗಿ ಹೆಣೆದುಕೊಳ್ಳುವುದು ಪಿಎಚ್ (ಹುಳಿಯ ಅಳತೆ) 3ರ ಆಸುಪಾಸಿನಲ್ಲಿ. ಕವಳಿ ತಾನೇ ಅಷ್ಟು ಹುಳಿ. ಮೇಲೆ ನಿಂಬೆಯನ್ನೂ ಸೇರಿಸಿದರೆ ಜಾಲ ವಿಪರೀತ ಬಿಗಿಯಾಗಿ, ಬಾಟಲಿಯಲ್ಲಿ ಕೆಲವು ದಿನಗಳಲ್ಲೇ ನೀರು ಬಿಡುತ್ತದೆ. ಮೇಲೆ ನಿಂತ ಆ ತೆಳು ನೀರಿನಲ್ಲಿ ಸಕ್ಕರೆ ಕಡಿಮೆ. ಬೂಸಲು ಕಾಲಿಡುವುದೇ ಅಲ್ಲಿ.

ಸಕ್ಕರೆ ಹಾಕಿದ ಮೇಲೆ ಸಣ್ಣ ಉರಿಯಲ್ಲಿ ಕರಗಿಸಿ, ಆಮೇಲೆ ಜೋರು ಉರಿ. ಇಲ್ಲಿ ನಿಧಾನಿಸಿದರೆ ನಷ್ಟ. ಗಂಟೆಗಟ್ಟಲೆ ಕುದಿಸಿದಷ್ಟೂ ಪೆಕ್ಟಿನ್ ಒಡೆಯುತ್ತದೆ, ಬಣ್ಣ ಕಂದಾಗುತ್ತದೆ. ನಮ್ಮಲ್ಲಿ ಜೋನಿ ಬೆಲ್ಲ (ದ್ರವ ಬೆಲ್ಲ) ಕಾಯಿಸಿದ ಕೈಗಳಿಗೆ ‘ಇನ್ನೂ ಸ್ವಲ್ಪ ಕುದಿಯಲಿ’ ಎನ್ನುವ ಚಾಳಿ ಇದೆ. ಅಗಲವಾದ ಪಾತ್ರೆ, ಸ್ವಲ್ಪವೇ ಪ್ರಮಾಣ, ದೊಡ್ಡ ಉರಿ. ಒಂದು ಸಲಕ್ಕೆ ಒಂದೂವರೆ ಕಿಲೋ ತಿರುಳು ಮೀರದಂತೆ ನೋಡಿಕೊಂಡೆ.

ಇಳಿಸುವ ಹೊತ್ತು ಯಾವುದು? ಪುಸ್ತಕಗಳು 105 ಡಿಗ್ರಿ ಸೆಲ್ಸಿಯಸ್ ಎನ್ನುತ್ತವೆ. ಅದು ಸಮುದ್ರಮಟ್ಟದ ಲೆಕ್ಕ. ಮುನ್ನೂರು ಮೀಟರ್ ಎತ್ತರಕ್ಕೆ ಹೋದರೆ ನೀರು ಕುದಿಯುವ ಉಷ್ಣತೆ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 98ಕ್ಕೇ ಕುದಿಯುತ್ತದೆ, ಜಾಮ್ 103ರ ಹತ್ತಿರ ಸಿದ್ಧ. ಘಟ್ಟದ ಕೆಳಗೆ ಕುಮಟೆಯಲ್ಲಿ ಮಾಡುವವರಿಗೆ 105 ಸರಿ. ಘಟ್ಟದ ಮೇಲೆ ಕುಳಿತು 105ಕ್ಕೆ ಕಾದರೆ ಮಿಠಾಯಿ ಸಿಗುತ್ತದೆ.

ಥರ್ಮಾಮೀಟರ್ ಇಲ್ಲದವರಿಗೆ ಅದಕ್ಕಿಂತ ನಂಬಿಕೆಯ ದಾರಿ ತಕ್ಕಡಿ. ಜಾಮ್ ಕೆಡದೆ ಉಳಿಯಲು ಅದರಲ್ಲಿ ಕರಗಿದ ಘನಪದಾರ್ಥ ನೂರಕ್ಕೆ 65 ಇರಬೇಕು. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮವೂ ಜಾಮ್‌ಗೆ ಇದೇ ಗಡಿಯನ್ನು ಹಾಕಿದೆ. ನೀರು ಹಾಕಿ ಬೇಯಿಸಿದ ತಿರುಳಿನಲ್ಲಿ ನೂರಕ್ಕೆ ಹತ್ತು ಎಂದು ಹಿಡಿದರೆ ಒಂದು ಕಿಲೋದಲ್ಲಿ 100 ಗ್ರಾಂ, ಸಕ್ಕರೆ 750, ಒಟ್ಟು 850 ಗ್ರಾಂ. ಇದು ನೂರಕ್ಕೆ 65 ಆಗಬೇಕಾದರೆ ಪಾತ್ರೆಯಲ್ಲಿ ಉಳಿಯಬೇಕಾದ ತೂಕ ಸುಮಾರು 1 ಕಿಲೋ 300 ಗ್ರಾಂ. ಖಾಲಿ ಪಾತ್ರೆಯ ತೂಕ ಮೊದಲೇ ಬರೆದಿಟ್ಟುಕೊಂಡು, ನಡುವೆ ಇಳಿಸಿ ತೂಗಿದರೆ ಮುಗಿಯಿತು. ಅಡಿಗೆಮನೆಯಲ್ಲಿ ಗಣಿತ ನೋಡಿ ಅತ್ತೆ ನಕ್ಕರು. ಅವರದು ತಟ್ಟೆಯ ಪರೀಕ್ಷೆ: ಹೂಜಿಯ ನೀರಿನ ಮೇಲೆ ತೇಲಿಸಿ ತಂಪಾಗಿಸಿದ ಸ್ಟೀಲ್ ತಟ್ಟೆಯ ಮೇಲೆ ಒಂದು ಹನಿ ಬಿಟ್ಟು, ಬೆರಳಿನಿಂದ ನೂಕಿದಾಗ ಮೇಲ್ಮೈ ನೆರಿಗೆಗಟ್ಟಬೇಕು. ಗುಡುಗು ಶುರುವಾದೊಡನೆ ಕರೆಂಟು ಹೋಗುವ ಊರಿನಲ್ಲಿ ಫ್ರಿಜ್ಜಿಗಿಂತ ಹೂಜಿಯೇ ಸೈ. ತಕ್ಕಡಿಯೂ ತಟ್ಟೆಯೂ ಬಹುತೇಕ ಒಂದೇ ಹೊತ್ತಿಗೆ ‘ಸಾಕು’ ಎಂದವು.

ಬಾಟಲಿಗಳನ್ನು ಹತ್ತು ನಿಮಿಷ ಕುದಿವ ನೀರಿನಲ್ಲಿಟ್ಟು, ಬಿಸಿಯಿರುವಾಗಲೇ ಬಿಸಿ ಜಾಮ್ ತುಂಬಿ, ಬಾಯಿಯ ಅಂಚು ಒರೆಸಿ ಮುಚ್ಚಳ ಬಿಗಿದೆ. ಒರೆಸುವ ಬಟ್ಟೆಯೂ ಕುದಿಸಿದ್ದೇ. ಅಂಚಿನಲ್ಲಿ ಒಣಗಿದ ಒಂದು ಹನಿ ಸಾಕು, ಆಷಾಢದಲ್ಲಿ ಅದರ ಸುತ್ತ ಬೂದುಬಣ್ಣದ ರೋಮ ಎದ್ದಿರುತ್ತದೆ.

ಈ ಪಾತ್ರೆಯದು ಮರುದಿನ ಓರೆ ಮಾಡಿದರೂ ಕದಲಲಿಲ್ಲ. ಚಮಚ ಊರಿದರೆ ಊರಿದ ಗುರುತು ಹಾಗೇ ನಿಂತಿದೆ.

ಮೇ ಮೂರನೆಯ ವಾರ

ಬೆಲ್ಲದ ಪ್ರಯೋಗ, ಬೇಡಿಕೆಯ ಮೇರೆಗೆ. ಸಕ್ಕರೆಯ ಬದಲು ಜೋನಿ ಬೆಲ್ಲ. ರುಚಿಯಲ್ಲಿ ಗೊಜ್ಜಿಗೂ ಜಾಮ್‌ಗೂ ನಡುವಿನದು, ಬಣ್ಣ ಕೆಂಪು ಹೋಗಿ ಕಂದು. ಗಟ್ಟಿತನವೂ ಕಡಿಮೆ. ಬೆಲ್ಲ ಮಾಡುವಾಗ ಕಬ್ಬಿನ ಹಾಲನ್ನು ತಿಳಿಗೊಳಿಸಲು ಸುಣ್ಣ ಹಾಕುವುದುಂಟು. ಅದು ಹಣ್ಣಿನ ಹುಳಿಯನ್ನು ಸ್ವಲ್ಪ ಕೊಲ್ಲುತ್ತದೆ. ಜೋನಿಯಲ್ಲಿ ನೀರೂ ಇರುವುದರಿಂದ ಮೇಲಿನ ತೂಕದ ಲೆಕ್ಕ ಇದಕ್ಕೆ ನಡೆಯುವುದಿಲ್ಲ. ಚಪಾತಿಗೆ ಚೆನ್ನಾಗಿದೆ. ಇದನ್ನು ಜಾಮ್ ಎಂದು ಕರೆಯುವುದಿಲ್ಲ, ಅಷ್ಟೇ.

ಮಳೆ ಬರುವ ಮುನ್ನ

ಈ ಬೇಸಿಗೆಯಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಕವಳಿಯದಲ್ಲ, ಹಿತ್ತಲಿನ ಹಿಪ್ಪುನೇರಳೆಯದು. ರಾಮನಗರ, ಶಿಡ್ಲಘಟ್ಟದ ಕಡೆ ಇದನ್ನು ಸೊಪ್ಪಿಗಾಗಿ ಬೆಳೆಯುತ್ತಾರೆ. ರೇಷ್ಮೆಹುಳಕ್ಕೆ ಬೇಕಾದದ್ದು ಎಲೆ, ಹಣ್ಣು ಅವರಿಗೆ ಲೆಕ್ಕಕ್ಕಿಲ್ಲ. ನಮ್ಮಲ್ಲಿ ಒಂದೇ ಮರ, ಅದರ ಮೇಲೆ ನೂರು ಹಕ್ಕಿ. ಸವರಿದ ಮೇಲೆ ಬರುವ ಹೊಸ ಚಿಗುರಿನಲ್ಲೇ ಕಾಯಿ ಕಟ್ಟುವುದರಿಂದ, ಈ ಸಲ ಅರ್ಧ ಕೊಂಬೆಗಳನ್ನು ತಡವಾಗಿ ಸವರಿ ಹಣ್ಣನ್ನು ಮೇ ತಿಂಗಳಿಗೆ ತಳ್ಳಿದ್ದೆ. ಕವಳಿಯ ಜೊತೆಗೇ ಸಿಗಲಿ ಎಂದು.

ಹಿಪ್ಪುನೇರಳೆ ಕೊಯ್ಯುವುದಲ್ಲ, ಉದುರಿಸುವುದು. ಬುಡಕ್ಕೆ ಹಳೆಯ ಸೀರೆ ಹಾಸಿ, ಬೆಳಿಗ್ಗೆ ತಂಪಿನಲ್ಲಿ ಕೊಂಬೆ ಅಲುಗಿಸಿದರೆ ಮಾಗಿದ್ದು ಮಾತ್ರ ಬೀಳುತ್ತದೆ. ಅಂದೇ ಬೇಯಿಸಬೇಕು, ಸಂಜೆಯೊಳಗೆ ಹುಳಿವಾಸನೆ ಶುರು. ಹಸಿರು ತೊಟ್ಟನ್ನು ಕತ್ತರಿಯಿಂದ ಕತ್ತರಿಸುವ ಕೆಲಸ ಬೇಸರದ್ದು. ಆಕಾಶವಾಣಿ ಹಾಕಿಕೊಂಡು ಕುಳಿತರೆ ಸಾಗುತ್ತದೆ.

ಈ ಹಣ್ಣಿನ ತೊಂದರೆ ಏನೆಂದರೆ ಸಿಹಿಯಿದೆ, ಬಣ್ಣವಿದೆ, ಹುಳಿಯೂ ಅಂಟೂ ಸಾಲದು. ಸ್ಪಿರಿಟ್ ಪರೀಕ್ಷೆಯಲ್ಲಿ ಬರಿ ಚೂರು. ಕವಳಿಯಲ್ಲಿ ಇವೆರಡೂ ಬೇಕಾದ್ದಕ್ಕಿಂತ ಹೆಚ್ಚು. ಒಂದಕ್ಕೊಂದು ಹೊಂದಿಸುವುದು ಜಾತಕ ನೋಡಿದಷ್ಟು ಸುಲಭವಾಗಿತ್ತು. ಹಸಿರು ಮತ್ತು ಅರೆಗೆಂಪು ಕವಳಿಕಾಯಿಗಳನ್ನು ಜಜ್ಜಿ, ನೀರು ಹಾಕಿ ಅರ್ಧ ಗಂಟೆ ಸಣ್ಣಗೆ ಬೇಯಿಸಿ, ತೆಳುಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ತೂಗುಹಾಕಿದೆ. ಹಿಂಡಬಾರದು, ಹಿಂಡಿದರೆ ರಸ ಮಬ್ಬಾಗುತ್ತದೆ. ಬೆಳಿಗ್ಗೆ ಪಾತ್ರೆಯಲ್ಲಿ ಇಳಿದಿದ್ದ ನಸುಗೆಂಪು ರಸ ಬೆರಳಿಗೆ ಜಾರುವಷ್ಟು ಮಂದವಾಗಿತ್ತು. ನಾಲ್ಕು ಪಾಲು ಹಿಪ್ಪುನೇರಳೆಗೆ ಇದು ಒಂದು ಪಾಲು, ಸಕ್ಕರೆ ಸ್ವಲ್ಪ ಕಡಿಮೆ. ಹಣ್ಣನ್ನು ಅರೆಯಲಿಲ್ಲ, ಇಡಿಯಾಗಿಯೇ ಬಿಟ್ಟೆ.

ನಿಂತಿತು. ಹೊರಗಿನ ಪುಡಿಯ ಹಂಗಿಲ್ಲದೆ, ಹಣ್ಣುಗಳು ಒಡೆಯದೆ, ಗಾಢ ನೇರಳೆಯಲ್ಲಿ. ಕವಳಿಯ ರುಚಿ ಮುಂದೆ ಬರುವುದಿಲ್ಲ, ಸಿಹಿಯ ಹಿಂದೆ ಸಣ್ಣ ಚುರುಕಾಗಿ ಉಳಿಯುತ್ತದೆ. ಹರಿಯುವ ಜಾಮಿನ ಪಕ್ಷದವರು ಕೂಡ ಎರಡನೆಯ ಸಲ ಹಾಕಿಸಿಕೊಂಡರು.

ಜೂನ್ ಆರಂಭ

ಮಳೆ ಹಿಡಿದಿದೆ. ಮಟ್ಟಿಯಲ್ಲಿ ಉಳಿದ ಹಣ್ಣು ನೀರು ಕುಡಿದು ಬಿರಿಯುತ್ತಿದೆ, ಒಳಗೆ ಹುಳ. ಈ ವರ್ಷದ ಕೊಯ್ಲು ಮುಗಿಯಿತು. ಜರಡಿಯಲ್ಲಿ ಉಳಿದದ್ದು ಬೆಂದ ಬೀಜ, ಮೊಳೆಯುವುದಿಲ್ಲ. ಅದಕ್ಕಾಗಿ ಕೆಲವು ಕಪ್ಪು ಹಣ್ಣುಗಳನ್ನು ಹಸಿಯಾಗಿಯೇ ಹಿಚುಕಿ, ಬೀಜ ತೊಳೆದು ಚೀಲಗಳಿಗೆ ಹಾಕಿದ್ದೇನೆ. ಕವಳಿ ಬೀಜ ಇಟ್ಟುಕೊಂಡು ಆಮೇಲೆ ಬಿತ್ತುತ್ತೇನೆಂದರೆ ಮೊಳಕೆ ಬರುವುದಿಲ್ಲ, ಹಸಿಯಿರುವಾಗಲೇ ಬಿತ್ತಬೇಕು. ತೋಟದ ದಣಪೆಯ (ಬೇಲಿಯ ಬಾಗಿಲಿನ) ಪಕ್ಕದ ಬೇಲಿಗೆ ಈ ಮುಳ್ಳಿಗಿಂತ ಗಟ್ಟಿ ಕಾವಲು ಸಿಗಲಾರದು. ದನವೂ ಒಳಗೆ ಬಾರದು, ಹಣ್ಣಿಗೆ ಬ್ಯಾಣದವರೆಗೆ ನಡೆಯುವುದೂ ತಪ್ಪುತ್ತದೆ.

ಬಾಟಲಿಗಳು ಅಟ್ಟದ ಬದಲು ಒಲೆಯ ಮೇಲಿನ ಗೂಡಿನಲ್ಲಿವೆ, ಅಲ್ಲಿ ಥಂಡಿ ಕಡಿಮೆ. ಒಂದನ್ನು ಮಾತ್ರ ಬೇಕೆಂದೇ ಅಟ್ಟದಲ್ಲಿಟ್ಟಿದ್ದೇನೆ, ಆಗಸ್ಟ್‌ನಲ್ಲಿ ಎರಡನ್ನೂ ತೆರೆದು ಹೋಲಿಸಲು. ಬೆಂಗಳೂರಿನ ನೆಂಟರು ಈಗಾಗಲೇ ಪಾಲು ಕೇಳಿದ್ದಾರೆ. ಕೊಡುತ್ತೇನೆ, ಕಳೆದ ವರ್ಷ ಒಯ್ದ ಖಾಲಿ ಬಾಟಲಿಗಳನ್ನು ಮುಚ್ಚಳದ ಸಮೇತ ವಾಪಸು ತಂದರೆ.